ಕೀಲಿ ಸಿಗದ ಮಳೆಗಾಲ

ಆಸ್ಪತ್ರೆಯ ಕಚೇರಿ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ನನ್ನನ್ನು ಕಂಡರೆ ಕೇಳುವುದು ಒಂದೇ ಮಾತು: ಕೆಲಸ ಹಗುರವೋ ಭಾರವೋ? ಕುಳಿತು ಮಾಡುವ ಕೆಲಸ, ತಲೆಯ ಮೇಲೆ ಫ್ಯಾನು ತಿರುಗುವ ಕೆಲಸ, ಹಗುರವೇ ಇರಬೇಕು ಎಂದು ಅವರ ಅಂದಾಜು. ಹೆದರಿಕೆಯ ಕೆಲಸ ಎಂದು ನಾನು ಹೇಳಿದರೆ ನಗುತ್ತಾರೆ. ಚೀಟಿ ಮುದ್ರಿಸುವವಳಿಗೆ ಎಂಥ ಹೆದರಿಕೆ ಎಂದು ಅವರಿಗೆ ಅನ್ನಿಸುವುದು ಸಹಜ. ನನಗೂ ಮೊದಲ ದಿನ ಹಾಗೇ ಅನ್ನಿಸಿತ್ತು. ಎರಡನೆಯ ದಿನಕ್ಕೆ ಅದು ಹೋಯಿತು.

ನನ್ನ ಹೆಸರು ಕ್ಲಾರಾ. ಹಳಿಯಾಳದ ಹತ್ತಿರದ ಹಳ್ಳಿಯ ಸಿದ್ದಿ ಮನೆತನ ನಮ್ಮದು. ಚರ್ಚಿನ ಸಿಸ್ಟರುಗಳ ಬಳಿ ಟೈಪಿಂಗ್ ಕಲಿತಿದ್ದೆ. ಹಳಿಯಾಳದಲ್ಲಿ ಒಬ್ಬ ವೈದ್ಯೆ ಸಣ್ಣ ಆಸ್ಪತ್ರೆ ನಡೆಸುತ್ತಿದ್ದರು. ಎಲ್ಲರೂ ಅವರನ್ನು ಡಾಕ್ಟರಬಾಯಿ ಎಂದೇ ಕರೆಯುತ್ತಿದ್ದರು. ಮೂರ್ಛೆರೋಗ, ಜನರ ಬಾಯಲ್ಲಿ ಫಿಟ್ಸ್, ಅವರ ಮುಖ್ಯ ಕೆಲಸ. ನಮ್ಮ ಕಡೆ ಫಿಟ್ಸ್ ಬಂದವರನ್ನು ಮೊದಲು ದೇವರು ಹೇಳುವವರ ಹತ್ತಿರ ಒಯ್ಯುತ್ತಿದ್ದರು, ಕೈಗೆ ಕಬ್ಬಿಣ ಹಿಡಿಸುತ್ತಿದ್ದರು. ಡಾಕ್ಟರಬಾಯಿ ದಾಂಡೇಲಿ, ಜೋಯಿಡಾ, ಮುಂಡಗೋಡ ಎಲ್ಲ ತಿರುಗಿ ಅಂಥವರನ್ನು ಹುಡುಕಿ, ತಿಂಗಳಿಗೊಮ್ಮೆ ಗುಳಿಗೆಯ ಪಾಕೀಟು ಅವರವರ ಊರಿಗೇ ಮುಟ್ಟುವಂತೆ ಮಾಡಿದ್ದರು. ಪಾಕೀಟಿನ ಮೇಲೆ ಒಂದು ಚೀಟಿ: ಹೆಸರು, ಊರು, ಯಾವ ಗುಳಿಗೆ, ಎಷ್ಟು. ಆ ಚೀಟಿ ಟೈಪು ಮಾಡುವುದು ನನ್ನ ಕೆಲಸ.

ಎರಡನೆಯ ದಿನ ಅವರು ನನ್ನನ್ನು ಜೀಪಿನಲ್ಲಿ ಹತ್ತಿಸಿಕೊಂಡು ಮುಂಡಗೋಡ ಕಡೆಯ ಪಾಳಾ ಎಂಬ ಊರಿಗೆ ಕರೆದೊಯ್ದರು. ಯಾಕೆಂದು ಹೇಳಲಿಲ್ಲ. ಒಂದು ಮನೆಯ ಮುಂದೆ ಜನ ಸೇರಿದ್ದರು, ಒಳಗೆ ಹೆಣ್ಣುಮಕ್ಕಳು ಅಳುತ್ತಿದ್ದರು. ಎತ್ತಿನ ಮೈ ತೊಳೆಯಲು ಕೆರೆಗೆ ಇಳಿದಿದ್ದ ಮನುಷ್ಯನಿಗೆ ನೀರಿನಲ್ಲೇ ಫಿಟ್ಸ್ ಬಂದಿತ್ತು. ಮಂಡಿಯಷ್ಟು ನೀರು. ಅವನ ಪಾಕೀಟು ಮುಂಡಗೋಡದ ಬಸ್ ಸ್ಟ್ಯಾಂಡಿನಲ್ಲಿ ಬಿದ್ದಿತ್ತು. ನನಗಿಂತ ಮೊದಲಿದ್ದ ಟೈಪಿಸ್ಟ್ ಅವನ ಚೀಟಿಯಲ್ಲಿ ಊರಿನ ಹೆಸರು ಹೊಡೆಯಲು ಮರೆತಿದ್ದ. ಡಾಕ್ಟರಬಾಯಿ ಹೆಣದ ಕಾಲು ಮುಟ್ಟಿ ನಮಸ್ಕರಿಸಿ ಹೊರಗೆ ಬಂದರು. ಜೀಪಿನಲ್ಲಿ ಇಷ್ಟೇ ಹೇಳಿದರು.

"ನೋಡಿದೆಲ್ಲ? ಇದ ನಿನ್ನ ಕೆಲಸ."

ಆವತ್ತಿನಿಂದ ಬೆರಳ ತುದಿಯಲ್ಲಿ ಕೂತ ಹೆದರಿಕೆ ನಿವೃತ್ತಿಯ ದಿನದವರೆಗೂ ಇಳಿಯಲಿಲ್ಲ.

ಮುಂದೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಡಾಕ್ಟರಬಾಯಿಯ ಸಂಬಂಧಿಕನೊಬ್ಬ ಆಫೀಸ್ ಪ್ರೋಗ್ರಾಮಿನಲ್ಲಿ ಒಂದು ಹಾಳೆ ಮಾಡಿಕೊಟ್ಟ. ಹೆಸರು, ಊರು, ಮೈತೂಕ, ಗುಳಿಗೆ, ಪ್ರಮಾಣ, ಎಲ್ಲ ಸಾಲುಸಾಲಾಗಿ. ಒಂದು ಗುಂಡಿ ಒತ್ತಿದರೆ ಚೀಟಿಗಳು ಕನ್ನಡದಲ್ಲಿ ಮುದ್ರಣವಾಗಿ ಬರುತ್ತಿದ್ದವು. ಆಗಿನ ಕನ್ನಡ ಅಕ್ಷರಗಳು ಹಳೆಯ ತರಹದವು; ನೋಡಲು ಕನ್ನಡ, ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರ. ಆ ಹಳೆಯ ಪ್ರೋಗ್ರಾಮು, ಆ ಹಳೆಯ ಅಕ್ಷರ ಎರಡೂ ಕೂಡಿದ್ದರೆ ಮಾತ್ರ ನೆಟ್ಟಗೆ ಕಾಣಿಸುತ್ತಿದ್ದವು. ಹೊಸ ಪ್ರೋಗ್ರಾಮಿನಲ್ಲಿ ತೆರೆದರೆ ಮುಂಡಗೋಡದ ಹತ್ತಿರದ ಇಂದೂರಿನ ನಮ್ಮ ಹಳೆಯ ರೋಗಿ ಚನ್ನಬಸಪ್ಪನವರ ಹೆಸರಿದ್ದಲ್ಲಿ ಬಾಲ ಮುರಿದ ಇಂಗ್ಲಿಷ್ ಅಕ್ಷರ, ಪ್ರಶ್ನೆ ಚಿಹ್ನೆ, ಆವರಣ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಗುಂಡಿಯೂ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಊರೆಲ್ಲ ಹೊಸದಕ್ಕೆ ಹೋದರೂ ನಾವು ಹಳೆಯದಕ್ಕೇ ಅಂಟಿಕೊಂಡೆವು.

ಡಾಕ್ಟರಬಾಯಿ ತೀರಿಕೊಂಡ ಮೇಲೆ ಆಡಳಿತಾಧಿಕಾರಿಯಾಗಿ ಪಾಟೀಲ ಸರ್ ಬಂದರು. ಕೆಟ್ಟ ಮನುಷ್ಯರಲ್ಲ. ರೋಗಿಗಳ ಊರುಗಳನ್ನು ಬಾಯಿಪಾಠ ಮಾಡಿಕೊಂಡವರು. ಆ ಹೊತ್ತಿಗೆ ನಮ್ಮ ಪ್ರೋಗ್ರಾಮಿನ ಹಳೆಯ ಆವೃತ್ತಿಗೆ ಕಂಪನಿಯ ಬೆಂಬಲ ಮುಗಿದಿತ್ತು. ಹಾಗೆಂದರೇನು ಎಂದು ಹುಬ್ಬಳ್ಳಿಯಿಂದ ಬರುತ್ತಿದ್ದ ರಿಪೇರಿಯವನನ್ನು ಕೇಳಿದೆ. ಮಷಿನು ಜೀವಂತ ಇರುವವರೆಗೆ ಪ್ರೋಗ್ರಾಮು ನಡೆಯುತ್ತದೆ, ಆದರೆ ಕೆಟ್ಟರೆ ಕೇಳುವವರಿಲ್ಲ. ಬೇರೆ ಮಷಿನಿಗೆ ಹಾಕಿದರೆ ಅದು ಮತ್ತೆ ಕಂಪನಿಯ ಒಪ್ಪಿಗೆ ಬೇಡುತ್ತದೆ ಎಂದು ವಿವರಿಸಿದ. ಒಪ್ಪಿಗೆ ಕೊಡಲು ಅಲ್ಲಿ ಯಾರಾದರೂ ಇರುತ್ತಾರೋ ಎಂದು ಕೇಳಿದೆ. ಅವನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಳ್ಳುತ್ತ, "ಅದನ್ನ ಈಗ ಕೇಳಬ್ಯಾಡ್ರಿ ಬಾಯಾರ, ಮಷಿನ್ ಛಲೋ ನೋಡಿಕೋರಿ" ಅಂದ.

ನೋಡಿಕೊಂಡೆ. ಅದಕ್ಕೆ ಬಟ್ಟೆ ಹೊದಿಸಿದೆ, ಇರುವೆ ಬರದಂತೆ ಮೇಜಿನ ಕಾಲಿಗೆ ನೀರಿನ ಬಟ್ಟಲಿಟ್ಟೆ. ಗುಡುಗು ಕೇಳಿದರೆ ಓಡಿಹೋಗಿ ಪ್ಲಗ್ ಕೀಳುತ್ತಿದ್ದೆ. ಆದರೂ ಮಳೆಗಾಲದ ಆರಂಭದಲ್ಲಿ, ನಾನು ಔಷಧಿ ಕೋಣೆಯಲ್ಲಿದ್ದಾಗ, ಒಂದೇ ಸಿಡಿಲಿಗೆ ಅದರ ಒಳಗೆಲ್ಲ ಸುಟ್ಟುಹೋಯಿತು. ಹಾಳೆಯ ನಕಲು ಪೆನ್‌ಡ್ರೈವಿನಲ್ಲಿತ್ತು. ಹುಬ್ಬಳ್ಳಿಯವನು ಬೇರೆ ಮಷಿನು ತಂದು, ಹಳೆಯ ಡಿಸ್ಕಿನಿಂದ ಪ್ರೋಗ್ರಾಮು ಹಾಕಿದ. ಕನ್ನಡ ಅಕ್ಷರಗಳು ಮುಖ ತೋರಿಸಿದವು. ನಾನು ಉಸಿರು ಬಿಡುವಷ್ಟರಲ್ಲಿ ತೆರೆಯ ನಡುವೆ ಒಂದು ಚೌಕ ಎದ್ದಿತು. ಈ ಪ್ರೋಗ್ರಾಮಿಗೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ, ಇನ್ನು ಇಷ್ಟು ಸಲ ಮಾತ್ರ ತೆರೆಯಬಹುದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮುಚ್ಚಿ ತೆರೆದೆವು. ಒಂದು ಸಂಖ್ಯೆ ಕಡಿಮೆಯಾಗಿತ್ತು.

ಅಂದಿನಿಂದ ನಾವು ಆ ಪ್ರೋಗ್ರಾಮನ್ನು ಮುಚ್ಚುವುದನ್ನೇ ನಿಲ್ಲಿಸಿದೆವು. ತೆರೆದದ್ದು ತೆರೆದೇ ಇರಬೇಕು. ಆದರೆ ಮಳೆಗಾಲದಲ್ಲಿ ಹಳಿಯಾಳದ ಕರೆಂಟು ಯಾರ ಮಾತು ಕೇಳುತ್ತದೆ? ಕರೆಂಟು ಹೋದಾಗ ಮೇಜಿನ ಕೆಳಗಿನ ಬ್ಯಾಟರಿ ಡಬ್ಬಿ ಕೂಗಲು ಶುರುಮಾಡುತ್ತಿತ್ತು. ಆ ಕೂಗು ಕೇಳಿದರೆ ನರ್ಸ್ ಗಂಗಾ ವಾರ್ಡಿನಿಂದ ಓಡಿಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಇಬ್ಬರೂ ತೆರೆಯನ್ನೇ ನೋಡುತ್ತ ನಿಂತಿರುತ್ತಿದ್ದೆವು. ಕೂಗು ಜೋರಾಗಿ, ಒಂದೇ ಎಳೆಯಾಗಿ, ಆಮೇಲೆ ತೆರೆ ಕಪ್ಪಾಗುತ್ತಿತ್ತು. ಮತ್ತೆ ಹಚ್ಚಿದಾಗ ಇನ್ನೊಂದು ಸಲ ಕಳೆದಿರುತ್ತಿತ್ತು. ಗಡಿಯಾರದಲ್ಲಿ ಹೊತ್ತು ಹೋಗುವುದನ್ನು ನೋಡಿದ್ದೆ, ರೋಗಿಯ ಮುಖದಲ್ಲಿ ಜೀವ ಹೋಗುವುದನ್ನೂ ನೋಡಿದ್ದೆ. ಒಂದು ಚೌಕದೊಳಗೆ ಎರಡೂ ಒಟ್ಟಿಗೆ ಹೋಗುವುದನ್ನು ನೋಡಿದ್ದು ಅದೇ ಮೊದಲು.

ಇಂಟರ್ನೆಟ್ಟಿನಲ್ಲಿ ಒಪ್ಪಿಗೆ ಕೇಳಿದರೆ ಉತ್ತರ ಬರಲಿಲ್ಲ. ಫೋನಿನಲ್ಲಿ ಕೇಳುವ ದಾರಿಯೂ ಇತ್ತು: ತೆರೆಯ ಮೇಲಿನ ಉದ್ದದ ಅಂಕಿಗಳನ್ನು ಒಂದು ಯಂತ್ರದ ದನಿಗೆ ಓದಿ ಹೇಳಬೇಕು, ಅದು ತಿರುಗಿ ಬೇರೆ ಅಂಕಿಗಳನ್ನು, ಅಂದರೆ ಪ್ರೋಗ್ರಾಮು ತೆರೆಯುವ ಕೀಲಿಯನ್ನು, ಕೊಡಬೇಕು. ನಾನು ಓದಿದೆ. ಹೊರಗೆ ಮಳೆ, ಒಳಗೆ ರೋಗಿಗಳ ಗದ್ದಲ. ಯಂತ್ರಕ್ಕೆ ನನ್ನ ಉಚ್ಚಾರ ತಿಳಿಯಲಿಲ್ಲ. ಗಂಗಾ ಓದಿದಳು. ಪಾಟೀಲ ಸರ್ ಓದಿದರು. ದನಿ ಪ್ರತಿ ಸಲವೂ ಅದೇ ಮರ್ಯಾದೆಯಿಂದ, ಈ ಸಂಖ್ಯೆ ಸರಿ ಇಲ್ಲ ಎಂದು ಹೇಳಿ ಫೋನು ಇಡುತ್ತಿತ್ತು. ಸಿಟ್ಟು ಮಾಡುವ ಮನುಷ್ಯನಾದರೆ ಬೇಡಿಕೊಳ್ಳಬಹುದು. ಆ ದನಿಗೆ ಬೇಡಿಕೊಳ್ಳುವುದು ಹೇಗೆ?

ಒಂದು ಬೆಳಿಗ್ಗೆ ಚೌಕದಲ್ಲಿ ಸಂಖ್ಯೆಯೇ ಇರಲಿಲ್ಲ. ಹಾಳೆ ತೆರೆಯಿತು, ಹೆಸರುಗಳು ಕಂಡವು, ಆದರೆ ಕೀಲಿಮಣೆ ಸತ್ತಂತಿತ್ತು. ಒಂದಕ್ಷರ ತಿದ್ದಲು ಬರದು, ಉಳಿಸಲು ಬರದು, ಚೀಟಿಯ ಗುಂಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಗಾಜಿನಾಚೆ ಇಟ್ಟ ಅನ್ನದಂತೆ. ಪಾಕೀಟು ಹೊರಡುವ ದಿನ ಹತ್ತಿರ ಬಂದಿತ್ತು.

ತೆರೆ ನೋಡಿಕೊಂಡು ಕೈಯಿಂದ ಬರೆಯೋಣ ಎಂದು ನಾನು ಹೇಳಿದೆ. ಪಾಟೀಲ ಸರ್ ಒಪ್ಪಲಿಲ್ಲ. ಕೈಬರಹದಲ್ಲಿ ತಪ್ಪಾದರೆ ಯಾರು ಹೊಣೆ ಎಂದರು. ಅವರ ಮಾತಿನಲ್ಲೂ ಹೆದರಿಕೆಯೇ ಇತ್ತು. ಕಂಪ್ಯೂಟರನ್ನು ದಾಂಡೇಲಿಗೆ ಒಯ್ಯಿರಿ, ಅಲ್ಲಿ ಬಜಾರಿನ ರಿಯಾಜ್ ಭಾಯಿ ಇಂಥವನ್ನೆಲ್ಲ ಸರಿ ಮಾಡುತ್ತಾರಂತೆ ಎಂದು ಹೇಳಿ ಕಳಿಸಿದರು. ಕಂಪ್ಯೂಟರಿನ ಡಬ್ಬಿಯನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ.

ರಿಯಾಜ್ ಭಾಯಿ ಕಾರ್ಖಾನೆಯ ಪಾಳಿಯವರಿಗೆ ಮೊಬೈಲ್ ರಿಪೇರಿ ಮಾಡುತ್ತಿದ್ದ ನಡುವಯಸ್ಸಿನ ಮನುಷ್ಯ. ಎಲ್ಲ ಕೇಳಿ, ತಲೆ ಕೆರೆದುಕೊಂಡರು.

"ಕಳ್ಳ ಕೀಲಿ ಹಾಕೂದು ಚಾ ಕುಡಿಯೂ ಅಷ್ಟ ಹೊತ್ತಿನ ಕೆಲಸ ಬಾಯಿ. ಆದ್ರ ಆ ಕೀಲಿ ಜೋಡಿ ಒಳಗ ಯಾರ್‍ಯಾರು ಬರ್ತಾರ ಖುದಾಗ ಗೊತ್ತು. ಮಂದಿ ಗುಳಿಗಿ ಲೆಕ್ಕ ಇರೂ ಮಷಿನಿಗೆ ನಾ ಅದನ್ನ ಹಾಕಂಗಿಲ್ಲ."

ಮತ್ತೇನು ದಾರಿ ಎಂದೆ. ಫೋನೇ ದಾರಿ ಎಂದರು. ಆ ದಿನವೆಲ್ಲ ಪ್ರಯತ್ನಿಸಿದರೂ ಲೈನು ನಿಲ್ಲಲಿಲ್ಲ. ಅಲ್ಲೇ ಇದ್ದ ನನ್ನ ತಂಗಿಯ ಮನೆಯಲ್ಲಿ ಉಳಿದುಕೊಂಡೆ. ಮರುದಿನ ಬೆಳಿಗ್ಗೆ ರಿಯಾಜ್ ಭಾಯಿ ಒಂದು ಉಪಾಯ ಮಾಡಿದರು. ಯಂತ್ರ ಏನು ಕೇಳಿದರೂ ಉತ್ತರ ಕೊಡಲಿಲ್ಲ, ನನಗೂ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದರು. ದನಿ ಕೇಳಿತು, ಮತ್ತೆ ಕೇಳಿತು, ಕೊನೆಗೆ ಸುಮ್ಮನಾಯಿತು. ಸಂಗೀತ ಬಂತು. ಆಮೇಲೆ ನಿಜವಾದ ಒಬ್ಬ ಹೆಣ್ಣುಮಗಳು ಮಾತಾಡಿದಳು. ಈ ಆವೃತ್ತಿಗೆ ಬೆಂಬಲ ಮುಗಿದಿದೆ ಎಂದು ಮೊದಲೇ ಹೇಳಿದಳು. ನಾನು ನನಗೆ ಬಂದ ಇಂಗ್ಲಿಷಿನಲ್ಲಿ, ಇದು ಆಸ್ಪತ್ರೆ, ಡಿಸ್ಕು ನಮ್ಮದೇ, ಮಷಿನು ಸಿಡಿಲಿಗೆ ಸುಟ್ಟಿದೆ ಎಂದೆ. ಆ ಕಡೆ ಕೀಲಿಮಣೆಯ ಸದ್ದು ಕೇಳಿತು.  ಆಮೇಲೆ, ಅಂಕಿಗಳನ್ನು ನಿಧಾನ ಓದಿ ಎಂದಳು. ಆಕೆ ತಿರುಗಿ ಹೇಳಿದ್ದನ್ನು ರಿಯಾಜ್ ಭಾಯಿ ಒತ್ತಿದರು. ಚೌಕ ಮಾಯವಾಯಿತು. ಚೀಟಿಯ ಗುಂಡಿಗೆ ಬಣ್ಣ ಬಂತು. ನಾನು ಗೋಣಿಚೀಲ ಬಿಡಿಸಿ ಡಬ್ಬಿ ಸುತ್ತಲು ಶುರುಮಾಡಿದೆ.

ಆಗ ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹಿಂದಿನ ದಿನ ನಾನು ಅದೇ ಅಂಗಡಿಯಲ್ಲಿ ಫೋನು ಹಿಡಿದು ಕೂತಿದ್ದಾಗ ನಮ್ಮ ಆಸ್ಪತ್ರೆಯ ಜೀಪು ದಾಂಡೇಲಿ ದಾಟಿ ಜೋಯಿಡಾ ಕಡೆಗೆ ಹೋಗಿತ್ತು. ಪಾಕೀಟುಗಳನ್ನು ತುಂಬಿಕೊಂಡು.

ಮಧ್ಯಾಹ್ನ ಹಳಿಯಾಳಕ್ಕೆ ಬಂದಾಗ ಪಾಟೀಲ ಸರ್ ನಗುತ್ತಲೇ ಎದುರುಗೊಂಡರು. ನಾನು ತಡವಾದರೆ ಗುಳಿಗೆ ತಡವಾಗುತ್ತದೆ, ಗುಳಿಗೆ ತಡವಾದರೆ ಫಿಟ್ಸ್ ಶುರುವಾಗುತ್ತದೆ ಎಂದು ಹೆದರಿ, ತಾವೇ ಪೆನ್‌ಡ್ರೈವಿನ ನಕಲನ್ನು ಒಂದು ಹೊಸ ಕಂಪ್ಯೂಟರಿಗೆ ಹಾಕಿ ಚೀಟಿ ಮಾಡಿದ್ದಾಗಿ ಹೇಳಿದರು. ಹಳೆಯ ಅಕ್ಷರವನ್ನು ಹೊಸದಕ್ಕೆ ಬದಲಿಸುವ ಉಪಾಯ ಹುಡುಕಿದ್ದರು. ಹೆಸರುಗಳು ಚೆನ್ನಾಗಿಯೇ ಬಂದಿದ್ದವು. ಕಿಟಕಿಯ ಪಕ್ಕ ಹಳಿಯಾಳ ಊರಿನವರ ಪಾಕೀಟುಗಳು ಉಳಿದಿದ್ದವು. ಕೈಗೆ ಸಿಕ್ಕ ಒಂದನ್ನು ಎತ್ತಿ ನೋಡಿದೆ. ಆರಡಿ ಎತ್ತರದ ಒಬ್ಬ ಲಾರಿ ಹಮಾಲನ ಹೆಸರು. ಅದರ ಕೆಳಗೆ ಮಗುವಿಗೆ ಕೊಡುವ ಅರ್ಧ ಗುಳಿಗೆ.

ಇನ್ನೊಂದು ಎತ್ತಿದೆ. ಮತ್ತೊಂದು. ಯಾವುದೂ ಸರಿ ಇರಲಿಲ್ಲ.

ಅವರು ಮಾಡಿದ ಹಾಳೆ ತೆರೆದು ನೋಡಿದೆವು. ಊರುವಾರು ಪಾಕೀಟು ಕಟ್ಟಲು ಅನುಕೂಲವಾಗಲೆಂದು ಪಾಟೀಲ ಸರ್ ಹೆಸರು ಮತ್ತು ಊರಿನ ಕಂಬಸಾಲುಗಳನ್ನು ಮಾತ್ರ ಹಿಡಿದು ಊರಿನ ಪ್ರಕಾರ ಜೋಡಿಸಿದ್ದರು. ಪಕ್ಕದ ಗುಳಿಗೆಯ ಕಂಬಸಾಲು ಇದ್ದಲ್ಲೇ ಇತ್ತು. ಒಬ್ಬರ ಹೆಸರಿಗೆ ಇನ್ನೊಬ್ಬರ ಗುಳಿಗೆ. ಔಷಧಿ ಕೋಣೆಯ ಹೊಸ ಹುಡುಗಿ ಚೀಟಿಯಲ್ಲಿ ಇದ್ದಂತೆಯೇ ಕಟ್ಟಿದ್ದಳು. ನಾನು ಜೋಯಿಡಾದ ಪುಟಕ್ಕೆ ಹೋದೆ. ಸುನಂದಾ ಎಂಬ ಪುಟ್ಟ ಹುಡುಗಿ ಅಲ್ಲಿದ್ದಳು, ಕಾಡಿನೊಳಗಿನ ಒಂದು ಕೇರಿಯವಳು. ಅವಳಿಗೆ ರಾತ್ರಿ ಅರ್ಧ ಗುಳಿಗೆ ಮಾತ್ರ. ಈಗ ಅವಳ ಹೆಸರಿನ ಮುಂದೆ ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದಿತ್ತು.

ಪಾಟೀಲ ಸರ್ ಅದನ್ನು ಓದಿ ಕನ್ನಡಕ ತೆಗೆದರು. 

ಜೋಯಿಡಾ ಕಡೆಯ ಉಳಿದವರಿಗೆಲ್ಲ ಫೋನು ಮಾಡಿ ಗುಳಿಗೆ ನಿಲ್ಲಿಸಿದೆವು, ಆ ಕೇರಿಗೆ ಮಾತ್ರ ಫೋನು ಹತ್ತುವುದಿಲ್ಲ. ಜೀಪು ವಾಪಸು ಬಂದಿತ್ತು. ನಾನು, ಗಂಗಾ, ಪಾಟೀಲ ಸರ್ ಹತ್ತಿದೆವು. ಹತ್ತುವ ಮೊದಲು ಮುಂಡಗೋಡ ಕಡೆ ಪಾಕೀಟು ಹಂಚುವವರಿಗೆ ಫೋನು ಮಾಡಿದೆ. ಅಲ್ಲಿಯ ಪಾಕೀಟುಗಳು ಅವತ್ತೇ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿದ್ದವು. ಪಾಳಾದಲ್ಲಿ ಅವು ಇನ್ನೂ ಹಂಚಿಕೆಯಾಗಿರಲಿಲ್ಲ, ಅಲ್ಲೇ ತಡೆದರು. ಇಂದೂರಿನಲ್ಲಿ ಹಂಚಿಕೆಯಾಗಿತ್ತು. ಉಳಿದವರೆಲ್ಲ ಫೋನಿಗೆ ಸಿಕ್ಕರು, ಚನ್ನಬಸಪ್ಪ ಒಬ್ಬರು ಹೊಲದಲ್ಲಿದ್ದರು. ಅವರ ಪಕ್ಕದ ಕಿರಾಣಿ ಅಂಗಡಿಯವನಿಗೆ, ಇವತ್ತು ಬಂದ ಗುಳಿಗೆ ತೆಗೆದುಕೊಳ್ಳಬೇಡಿ, ಬೇರೆ ಪಾಕೀಟು ನಾಳೆಯೇ ಕಳಿಸುತ್ತೇವೆ ಎಂದು ಅವರಿಗೆ ಹೇಳಲು ಒಪ್ಪಿಸಿ ಹೊರಟೆ. ಹಳೆಯ ಹಾಳೆಯಿಂದ ಸರಿಯಾದ ಚೀಟಿಗಳನ್ನು ಮುದ್ರಿಸಿ ಕಳಿಸುವ ಕೆಲಸವನ್ನು ಔಷಧಿ ಕೋಣೆಯ ಹುಡುಗಿಗೆ ಹಚ್ಚಿದೆ.

ಜೋಯಿಡಾದ ದಾರಿ ಮಳೆಯಲ್ಲಿ ಹೇಗಿರುತ್ತದೆ ಎಂದು ಕಂಡವರಿಗೆ ಗೊತ್ತು. ಬಿದಿರು ಬಗ್ಗಿ ಗಾಜಿಗೆ ಹೊಡೆಯುತ್ತಿತ್ತು. ತಿರುವಿನಲ್ಲಿ ಒಂದು ಕಡೆ ಮಣ್ಣು ಕುಸಿದಿತ್ತು, ಇಳಿದು ಕಲ್ಲು ಸರಿಸಿದೆವು. ಪಾಟೀಲ ಸರ್ ಬರಿಗೈಯಲ್ಲಿ ಕಲ್ಲು ಎತ್ತಿದರು. ಮತ್ತೆ ಜೀಪು ಹತ್ತಿದ ಮೇಲೆ ನನ್ನ ಕಡೆ ತಿರುಗಿದರು.

"ಕ್ಲಾರಾ ಬಾಯಾರ, ಆ ಕೂಸಿಗೆ ಏನರ ಆಗಿದ್ರ ನಾ ಹೆಂಗ ಮನಿಗೆ ಹೋಗ್ಲಿ?"

 "ಈಗ ಹಾದಿ ನೋಡ್ರಿ ಸರ್" ಅಂದೆ.

ಹೊತ್ತು ಮುಳುಗುವ ಮೊದಲೇ ಕೇರಿ ಮುಟ್ಟಿದೆವು. ಸುನಂದಾಳ ತಾಯಿ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕೊಂಕಣಿಯ ಮನೆ, ನನ್ನ ಮನೆಮಾತೂ ಅದೇ. ಮಗು ಎಲ್ಲಿ ಎಂದು ಕೇಳಿದೆ. ತಾಯಿ ಮುಖ ಅರಳಿಸಿ, ಹೊಸ ಗುಳಿಗೆ ಬಹಳ ಚೆನ್ನಾಗಿದೆ, ಎಷ್ಟೋ ದಿನದ ಮೇಲೆ ಹುಡುಗಿ ನೆಮ್ಮದಿಯಾಗಿ ಮಲಗಿದ್ದಾಳೆ, ಬೆಳಿಗ್ಗೆಯಿಂದ ಎದ್ದೇ ಇಲ್ಲ ಎಂದಳು.

ನನ್ನ ಕೆಲಸದ ವರ್ಷಗಳಲ್ಲೆಲ್ಲ ಅಷ್ಟು ಭಯ ಹುಟ್ಟಿಸಿದ ಮಾತನ್ನು ನಾನು ಕೇಳಿಲ್ಲ.

ಗಂಗಾ ಚಪ್ಪಲಿ ಬಿಡದೆ ಒಳಗೆ ಓಡಿದಳು. ಚಾಪೆಯ ಮೇಲೆ ಹುಡುಗಿ ಒಂದು ಬದಿಗೆ ಮಲಗಿದ್ದಳು. ಗಂಗಾ ಗಲ್ಲ ತಟ್ಟಿದಳು, ಕಿವಿಯ ಹತ್ತಿರ ಕರೆದಳು, ಎದೆಯ ಎಲುಬಿನ ಮೇಲೆ ಗೆಣ್ಣಿನಿಂದ ಒತ್ತಿದಳು. ಹುಡುಗಿ ಸಣ್ಣಗೆ ನರಳಿದಳು, ಕಣ್ಣು ತೆರೆಯಲಿಲ್ಲ. ಉಸಿರು ಇತ್ತು, ಆದರೆ ಎರಡು ಉಸಿರಿನ ನಡುವೆ ಬಹಳ ಜಾಗವಿತ್ತು. ತಾಯಿಗೆ ಆಗ ತಿಳಿಯಿತು. ಆಕೆ ಕಿರುಚಲಿಲ್ಲ, ಒದ್ದೆ ಕೈಯಲ್ಲೇ ನನ್ನ ರಟ್ಟೆ ಹಿಡಿದಳು. ಆ ಹಿಡಿತ ವಾಪಸು ಹೋಗುವ ದಾರಿಯುದ್ದಕ್ಕೂ ಸಡಿಲವಾಗಲಿಲ್ಲ. ಗಂಗಾಳ ತೊಡೆಯ ಮೇಲೆ ಹುಡುಗಿ. ಗಂಗಾ ಅವಳ ಗದ್ದ ಎತ್ತಿ ಹಿಡಿದಿದ್ದಳು, ಉಸಿರು ನಿಧಾನವಾದಾಗಲೆಲ್ಲ ಹೆಸರು ಹಿಡಿದು ಕೂಗುತ್ತಿದ್ದಳು. ನಾವೆಲ್ಲ ಕೂಗಿದೆವು. ಪಾಟೀಲ ಸರ್ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತು, ಒಡೆದ ದನಿಯಲ್ಲಿ, ಸುನಂದಾ, ಸುನಂದಾ ಎಂದು ಕರೆಯುತ್ತಿದ್ದರು. ದಾಂಡೇಲಿಯ ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದರು.

ಮರುದಿನ ಅವಳು ಕಣ್ಣು ತೆರೆದು ಮೊದಲು ಕೇಳಿದ್ದು ನೀರು. ಆಮೇಲೆ, ನಾವು ಬಸ್ಸಿನಲ್ಲಿ ಬಂದೆವೋ ಎಂದು. ಜೀಪಿನಲ್ಲಿ ಎಂದು ತಾಯಿ ಹೇಳಿದಾಗ, ತನ್ನನ್ನು ಎಬ್ಬಿಸಲಿಲ್ಲವೆಂದು ಮುಖ ಊದಿಸಿಕೊಂಡಳು. ಪಾಟೀಲ ಸರ್ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

ಎಲ್ಲವೂ ಸರಿಹೋಯಿತು ಎಂದು ನಾವು ತಿಳಿದಿದ್ದ ಹೊತ್ತಿಗೆ ಇಂದೂರಿನಿಂದ ಫೋನು ಬಂತು. ನಾನು ಹೇಳಿದ ಮಾತು ಕಿರಾಣಿ ಅಂಗಡಿಯಿಂದ ಚನ್ನಬಸಪ್ಪನವರ ಮನೆ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿತ್ತು. ಆಸ್ಪತ್ರೆಯ ಗುಳಿಗೆಯಲ್ಲಿ ವಿಷ ಇದೆಯಂತೆ, ಮುಟ್ಟಬಾರದಂತೆ ಎಂದು ಅವರಿಗೆ ತಿಳಿಸಿದ್ದರು. ಅವರು ಆ ಪಾಕೀಟನ್ನು ತಿಪ್ಪೆಗೆ ಎಸೆದರು. ಮರುದಿನ ಮುಟ್ಟಿದ ಸರಿಯಾದ ಪಾಕೀಟನ್ನೂ ಎಸೆದರು. ಗುಳಿಗೆ ಇಲ್ಲದೆ ಕೆಲವು ದಿನ ಕಳೆದವು. ವರ್ಷಗಟ್ಟಲೆ ಬಾರದಿದ್ದ ಫಿಟ್ಸ್ ಒಂದು ಬೆಳಿಗ್ಗೆ ಒಲೆಯ ಮುಂದೆ ಚಾ ಕಾಸುತ್ತಿದ್ದಾಗ ಬಂತು. ಬಲಗೈ ಒಲೆಯೊಳಗೆ ಹೋಯಿತು. ಮಗಳು ಎಳೆದಳು, ಆದರೆ ಎರಡು ಬೆರಳು ಉಳಿಯಲಿಲ್ಲ.

ಪಾಟೀಲ ಸರ್ ಅವರ ಮನೆಗೆ ಹೋಗಿ, ತಪ್ಪು ತಮ್ಮದೆಂದು ಹೇಳಿ ಬಂದರು. ನಾನೂ ಜೊತೆಗೆ ಹೋಗಿದ್ದೆ. ಚನ್ನಬಸಪ್ಪ ಬೈಯಲಿಲ್ಲ. ಬೈದಿದ್ದರೆ ಇಬ್ಬರಿಗೂ ಸ್ವಲ್ಪ ಹಗುರವಾಗುತ್ತಿತ್ತೇನೋ. ಆಮೇಲೆ ನಾನು ಮತ್ತು ಗಂಗಾ ಒಪ್ಪಿಗೆ ಸಿಕ್ಕಿದ್ದ ಆ ಹಳೆಯ ಪ್ರೋಗ್ರಾಮಿನಿಂದ ಪ್ರತಿ ರೋಗಿಯ ವಿವರವನ್ನೂ ಕಾಗದದ ಮೇಲೆ ಇಳಿಸಿದೆವು. ಅವಳು ಓದಿ ಹೇಳಿದಳು, ನಾನು ಹೊಸ ಕಂಪ್ಯೂಟರಿನಲ್ಲಿ ಹೊಸ ಅಕ್ಷರದಲ್ಲಿ ಟೈಪು ಮಾಡಿದೆ. ಮಳೆಗಾಲ ಮುಗಿಯುವವರೆಗೂ ಆ ಕೆಲಸ ನಡೆಯಿತು. ಅಷ್ಟೂ ದಿನ ಹಳೆಯ ಮಷಿನಿನ ಕಡೆಗೆ ನೋಡಲು ನನಗೆ ಭಯವಾಗುತ್ತಿತ್ತು, ಹೊಸದರ ಕಡೆಗೆ ನೋಡಲೂ ಭಯವಾಗುತ್ತಿತ್ತು. ಹೊಸಬರಿಗೆ ನಾನು ಹೇಳುವುದಿಷ್ಟೆ. ಮಷಿನು ಹಳೆಯದಾಗುವ ಮೊದಲೇ, ಅದು ಇನ್ನೂ ಮಾತು ಕೇಳುತ್ತಿರುವಾಗಲೇ, ಈ ಕೆಲಸ ಮಾಡಿ ಮುಗಿಸಿ. ಸಿಡಿಲು ಬಿದ್ದ ಮೇಲೆ ಮಾಡಲು ಕೂತರೆ ಗಡಿಬಿಡಿಯಲ್ಲಿ ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಹೋಗುತ್ತದೆ.

ಚನ್ನಬಸಪ್ಪ ಗಾಯ ಮಾಗಿದ ಮೇಲೆ ತಾವೇ ಬಸ್ಸು ಹತ್ತಿ ಹಳಿಯಾಳಕ್ಕೆ ಬಂದರು. ಪಾಕೀಟು ಊರಿಗೇ ಬರುತ್ತಿತ್ತು, ಬರುವ ಅಗತ್ಯವಿರಲಿಲ್ಲ. ಔಷಧಿ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತರು. ಅಂದು ಔಷಧಿ ಕೋಣೆಯ ಹುಡುಗಿ ರಜೆಯಲ್ಲಿದ್ದುದರಿಂದ ಒಳಗೆ ನಾನಿದ್ದೆ. ಅವರ ಪಾಕೀಟು ಮುಂದೆ ಚಾಚಿದೆ. ಅವರು ಕೈ ಚಾಚಲಿಲ್ಲ.

"ಬಾಯಾರ, ಮೊದ್ಲ ಓದಿ ಹೇಳ್ರಿ. ಆಮ್ಯಾಲೆ ತಗೋತೇನಿ."

ನಾನು ಅವರ ಹೆಸರು ಓದಿದೆ. "ಹೂಂ" ಅಂದರು. ಊರು ಓದಿದೆ. "ಹೂಂ." ಗುಳಿಗೆಯ ಹೆಸರು, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು. ಒಂದೊಂದನ್ನೂ ಅವರು ತಿರುಗಿ ಹೇಳಿ, ಪಾಕೀಟಿನೊಳಗಿನ ಗುಳಿಗೆ ತೋರಿಸಲು ಹೇಳಿ, ಕೊನೆಗೆ ಎಡಗೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು.

ಅವರಿಗಿಂತ ಮೊದಲೇ ಪಾಕೀಟು ಪಡೆದು ಬಾಗಿಲ ಹತ್ತಿರ ಹೋಗಿದ್ದ ಒಬ್ಬ ಹೆಂಗಸು ನಿಂತು ನೋಡುತ್ತಿದ್ದಳು. ಅವಳು ತಿರುಗಿ ಬಂದು ತನ್ನ ಪಾಕೀಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನಂದೂ ಓದ್ರಿ" ಅಂದಳು.

ಅವಳ ಹಿಂದೆ ಮತ್ತೊಬ್ಬರು ಬಂದು ನಿಂತರು.  ನಾನು ಪಾಕೀಟನ್ನು ಬೆಳಕಿಗೆ ಹಿಡಿದು ಓದತೊಡಗಿದೆ.